ಅರವತ್ತೊಂದು ಸಾವಿರ ಕಿಲೋಮೀಟರ್

ಡ್ಯಾನ್ಯೂಬ್ ದಡದ ನಮ್ಮ ರೂಸೆ ಊರಿನಲ್ಲಿ ಸ್ನೆಜಿನಾ ಅಕ್ಕ ಬಾಗಿಲು ತಟ್ಟಿದರೆ ಜನರ ಮುಖ ಸಪ್ಪಗಾಗುತ್ತಿತ್ತು. ಕರೆಂಟ್ ಮೀಟರ್ ತಿದ್ದಿದವರನ್ನು ಹಿಡಿಯುವುದೇ ಅವಳ ಮೂವತ್ತೊಂದು ವರ್ಷದ ಕೆಲಸ. ಅದರಲ್ಲಿ ಹನ್ನೆರಡು ವರ್ಷ ಅವಳ ಏಣಿ ಹೊತ್ತವನು ನಾನು. ನಾವು ಒಳಗೆ ಹೋದ ಕೂಡಲೇ ಯಾರಾದರೂ ಕಾಫಿ ಕೊಟ್ಟರೆ ಅವಳು ಮೊದಲು ಅಡುಗೆಮನೆ ಗೋಡೆ ತಡವುತ್ತಿದ್ದಳು. ಎಷ್ಟೋ ಸಲ ಮೀಟರ್ ತಪ್ಪಿಸಿ ಎಳೆದ ಕಳ್ಳ ತಂತಿ ಅಲ್ಲೇ ಸಿಗುತ್ತಿತ್ತು.

ನಿವೃತ್ತಿಯಾದ ವರ್ಷವೇ ಅವಳ ತಾಯಿ ತೀರಿಕೊಂಡರು. ಹದಿನಾರು ವರ್ಷ ಅವರ ಆರೈಕೆ ಮಾಡಿದ್ದಳು. ರಜೆ ಅಂತ ಎಲ್ಲೂ ಹೋದವಳಲ್ಲ. ದ್ರಾಕ್ಷಿತೋಟ ಮಾರಿದ ದುಡ್ಡು ಕೈಗೆ ಬಂದ ವಾರ ನನಗೆ ಫೋನ್ ಮಾಡಿದಳು.

"ಟಿಹೋಮಿರ್, ಒಂದು ಕಾರು ನೋಡಬೇಕು. ಬಾ."

"ಎಂಥ ಕಾರಕ್ಕ?"

"ಎರಡೇ ಸೀಟು. ಮೇಲ್ಛಾವಣಿ ಮಡಚುತ್ತೆ. ನಗಬೇಡ."

ಮಾರುವವರು ಎವ್ಲೋಗಿ ಅಂತ, ಎಪ್ಪತ್ತು ದಾಟಿದ ಒಂಟಿ ಮನುಷ್ಯ, ನದಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಕ್ಯಾಪ್ಟನ್. ಗ್ಯಾರೇಜಿನ ಬಾಗಿಲು ಎತ್ತಿದಾಗ ನಾನಂತೂ ಬಾಯಿ ಬಿಟ್ಟೆ. ಕಡುನೀಲಿ ಬಣ್ಣದ ಜರ್ಮನ್ ಗಾಡಿ, ಇಪ್ಪತ್ತು ವರ್ಷ ಹಳೆಯದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಬೆಲೆ ಹನ್ನೊಂದು ಸಾವಿರ ಲೆವಾ. ಓಡಿದ್ದು ಅರವತ್ತೊಂದು ಸಾವಿರ ಕಿಲೋಮೀಟರ್.

ಅಕ್ಕ ಹೊಳಪನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲು ತೆಗೆದು, ಮಂಡಿಯೂರಿ ಟಾರ್ಚ್ ಬಿಟ್ಟಳು. ಕ್ಲಚ್ಚು, ಬ್ರೇಕು ಎರಡೂ ಪೆಡಲ್‌ಗಳ ರಬ್ಬರು ಸವೆದು ನುಣ್ಣಗಾಗಿತ್ತು. ಗೇರಿನ ಗುಂಡಿಯ ಮೇಲಿನ ಅಂಕಿಗಳೇ ಅಳಿಸಿಹೋಗಿದ್ದವು.

"ಗಾಡಿ ಹೊರಗೆ ತೆಗೀರಿ ಕ್ಯಾಪ್ಟನ್ರೇ, ಒಂದು ಸುತ್ತು ಹೋಗೋಣ."

"ನನಗೆ ಸೊಂಟ ನೋವು. ನಿಮ್ಮ ಹುಡುಗನೇ ತೆಗೀಲಿ," ಅಂದರು ಅವರು. ನನಗೆ ಆಗ ನಲವತ್ತೆಂಟು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಮೊಣಕೈ ತಿವಿದಳು. "ಅರವತ್ತೊಂದು ಸಾವಿರಕ್ಕೆ ಪೆಡಲ್ ಹಾಗೆ ಸವೆಯುತ್ತಾ? ಎರಡು ಲಕ್ಷ ಓಡಿದೆ. ಮೀಟರ್ ತಿರುಗಿಸಿದಾನೆ ಮುದುಕ. ಸೊಂಟ ನೋವಂತೆ! ಮೆಟ್ಟಿಲು ಹೇಗೆ ಇಳಿದ ನೋಡಿದ್ಯಾ?"

ಪರಿಚಯದ ಮೆಕ್ಯಾನಿಕ್ ಕಾಮೆನ್ ಬೇರೆ ರೀತಿಯಲ್ಲಿ ಹೆದರಿಸಿದ. "ಕೊಳ್ಳೋದಲ್ಲಕ್ಕ, ಸಾಕೋದು ಕಷ್ಟ. ಒಂದು ಸಲ ಆಯಿಲ್ ಬದಲಿಸಿದ್ರೆ ಒಂಬತ್ತು ಲೀಟರ್ ಕುಡಿಯುತ್ತೆ. ಹಿಂದಿನ ಟೈರು ಎರಡು ವರ್ಷಕ್ಕೆ ಮುಗೀತು. ಕ್ಲಚ್ ಹೋದ್ರೆ ನಿನ್ನ ಐದು ತಿಂಗಳ ಪಿಂಚಣಿ ಹೋಯ್ತು. ಕುದುರೆ ಸಾಕು, ಗೊಬ್ಬರನಾದ್ರೂ ಕೊಡುತ್ತೆ."

ಆದರೆ ಕ್ಯಾಪ್ಟನ್‌ರನ್ನು ಕೇಳಿ ನಾನು ಗಾಡಿ ತಂದಾಗ ಅವನೇ ಅದನ್ನು ಎತ್ತಿ ಅಡಿಭಾಗ ನೋಡಿ ತಲೆ ಕೆರೆದುಕೊಂಡ. ಕಂಪ್ಯೂಟರ್ ಹಚ್ಚಿ ನೋಡಿದ. ವರ್ಷವರ್ಷದ ತಪಾಸಣೆಯ ಚೀಟಿ ಹೋಲಿಸಿದ. ಎಲ್ಲ ಕಡೆಯೂ ಲೆಕ್ಕ ಸರಿಯಾಗಿತ್ತು. "ಎಂಜಿನ್ ಹೊಸದರ ಹಾಗಿದೆ. ಇದು ನಿಜವಾಗಿಯೂ ಅಷ್ಟೇ ಓಡಿರೋದು."

"ಮತ್ತೆ ಪೆಡಲ್?" ಎಂದಳು ಅಕ್ಕ.

ಕಾಮೆನ್ ಹೆಗಲು ಕುಣಿಸಿದ. ಅಕ್ಕನಿಗೆ ಅದು ಸಾಲಲಿಲ್ಲ. ಎರಡು ದಿನ ಕ್ಯಾಪ್ಟನ್ ಮನೆ ಎದುರಿನ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೂತಳು. ಗ್ಯಾರೇಜಿನ ಬಾಗಿಲು ಬೆಳಿಗ್ಗೆ ಹತ್ತಕ್ಕೆ ಮೇಲೇಳುತ್ತಿತ್ತು, ಹನ್ನೊಂದಕ್ಕೆ ಮುಚ್ಚುತ್ತಿತ್ತು. ಗಾಡಿ ಹೊರಗೆ ಬರುತ್ತಿರಲಿಲ್ಲ. ಎರಡನೆಯ ದಿನ ಎದ್ದು ಹೋಗಿ ಇಣುಕಿದಳಂತೆ. ಕ್ಯಾಪ್ಟನ್ ಗಾಡಿಯೊಳಗೆ ನೆಟ್ಟಗೆ ಕೂತಿದ್ದರು. ಎಂಜಿನ್ ಆಫ್ ಆಗಿತ್ತು. ಕಾಲು ಕ್ಲಚ್ ಒತ್ತುತ್ತಿತ್ತು, ಕೈ ಗೇರು ಬದಲಿಸುತ್ತಿತ್ತು. ತಿರುವಿನಲ್ಲಿ ಮೈಯೂ ವಾಲುತ್ತಿತ್ತು. ಬಾಗಿಲಲ್ಲೇ ನಿಂತಿದ್ದ ಅಕ್ಕ ಅವರಿಗೆ ಕಾಣಿಸಲೇ ಇಲ್ಲ.

"ಕಣ್ಣು ಹೋಗಿದೆ ಆ ಮನುಷ್ಯನಿಗೆ. ನಿಂತ ಗಾಡಿಯಲ್ಲೇ ದಿನಾ ಒತ್ತಿ ಒತ್ತಿ ಪೆಡಲ್ ಸವೆಸಿದಾನೆ," ಎಂದಳು ನನ್ನ ಮನೆಗೆ ಬಂದು. ನಾನು ಅಯ್ಯೋ ಅನ್ನುವಷ್ಟರಲ್ಲಿ ಹುಬ್ಬು ಗಂಟಿಕ್ಕಿದಳು. "ಅಥವಾ ನಾನು ಬೆಂಚಲ್ಲಿ ಕೂತಿದ್ದು ಗೊತ್ತಾಗಿ ನಾಟಕ ಆಡಿರಬೇಕು."

"ನಿನಗೇನು ಹುಚ್ಚಾ ಅಕ್ಕ?"

"ಮೂವತ್ತೊಂದು ವರ್ಷ ಕಣೋ. ಅಳುವ ಅಜ್ಜಿಯರೂ ತಂತಿ ಎಳೆದಿರ್ತಾರೆ."

ಮರುದಿನ ಇಬ್ಬರೂ ಹೋದೆವು. ನೋಟರಿ ಹತ್ತಿರ ಹೋಗುವ ಮುಂಚೆ ನಮ್ಮ ನಮ್ಮೊಳಗೆ ಒಂದು ಕಾಗದ ಇರಲಿ ಅಂತ ಅಕ್ಕ ಬರೆದು ತಂದಿದ್ದಳು. ಅದನ್ನು ಕ್ಯಾಪ್ಟನ್‌ರ ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ನನ್ನ ಕಣ್ಣು ಬೆಲೆಯ ಮೇಲೆ ಬಿತ್ತು: ಐದು ಸಾವಿರದ ಐನೂರು. ಬಾಯಿ ತೆರೆಯಲು ಹೋದೆ. ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಕ್ಯಾಪ್ಟನ್ ಕಾಗದವನ್ನು ಮುಖದ ಹತ್ತಿರ ತಂದರು, ದೂರ ಹಿಡಿದರು, ಓದಿದವರಂತೆ ತಲೆಯಾಡಿಸಿದರು. "ಎಲ್ಲಿ ಸಹಿ ಹಾಕಬೇಕು, ಮೇಡಮ್?"

ಅಕ್ಕ ಬೆರಳಿಟ್ಟು ತೋರಿಸಿದಳು. ಅವರು ಸಹಿ ಹಾಕಿದರು. ಅದು ಗೆರೆಯ ಮೇಲೆ ಬೀಳದೆ ಬೆಲೆಯ ಮೇಲೇ ಬಿತ್ತು.

ಅಕ್ಕನ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಾಗದ ಎಳೆದುಕೊಂಡು ಹರಿದಳು, ಮತ್ತೆ ಮತ್ತೆ ಹರಿದಳು.

"ಏನದು ಸದ್ದು?" ಎಂದರು ಕ್ಯಾಪ್ಟನ್.

"ಅರ್ಧ ಬೆಲೆ ಬರೆದಿದ್ದೆ. ನಿಮ್ಮನ್ನ ಪರೀಕ್ಷೆ ಮಾಡೋಕೆ."

ಕ್ಯಾಪ್ಟನ್ ನಕ್ಕರು, ಆದರೆ ನಗುವಿನಲ್ಲಿ ಸಿಟ್ಟೂ ಇತ್ತು. "ಕುರುಡ ಅಂತ ತಿಳಿದ್ರೆ ಜನ ಏನು ಮಾಡ್ತಾರೆ ಅಂತ ಗೊತ್ತಿದ್ದೇ ನಾನು ಸೊಂಟ ನೋವು ಅಂದಿದ್ದು. ಸರಿಯಾಗೇ ಹೆದರಿದ್ದೆ, ಅಲ್ವಾ?"

ಆ ದಿನ ಅಕ್ಕ ಕ್ಷಮೆ ಕೇಳಿದಳು, ಎರಡು ಸಲ. ನಾನು ಕೇಳಿಸಿಕೊಂಡೆ.

ಗಾಡಿಯನ್ನು ಪೂರ್ತಿ ಹನ್ನೊಂದು ಸಾವಿರಕ್ಕೇ ತಗೊಂಡಳು. ನೋಟರಿ ಗಟ್ಟಿಯಾಗಿ ಓದುವಾಗ ಪ್ರತಿ ಸಾಲಿಗೂ ಕ್ಯಾಪ್ಟನ್ "ಇನ್ನೊಮ್ಮೆ" ಅನ್ನುತ್ತಿದ್ದರು. ಈಗ ಅನುಮಾನಪಡುವ ಸರದಿ ಅವರದು. ನದಿಯ ರಸ್ತೆಯಲ್ಲಿ ಒಂದು ಸುತ್ತು ಬನ್ನಿ ಅಂತ ಅಕ್ಕ ಕರೆದಳು. "ಬೇಡ. ನನ್ನ ಗಾಡಿಯಲ್ಲಿ ಇನ್ನೊಬ್ಬರು ಗೇರು ತಪ್ಪು ಹಾಕೋದನ್ನ ಕೇಳೋಕಾಗಲ್ಲ," ಎಂದು ಕೋಲು ಊರಿಕೊಂಡು ನಡೆದುಬಿಟ್ಟರು.

ಕಾಮೆನ್ ಹೇಳಿದ್ದು ಸುಳ್ಳಾಗಲಿಲ್ಲ. ಎರಡನೇ ಚಳಿಗಾಲಕ್ಕೆ ಕ್ಲಚ್ ಹೋಯಿತು. ಅಕ್ಕ ಆ ವರ್ಷ ಮನೆಯ ಒಂದು ಕೋಣೆಯಷ್ಟೇ ಬೆಚ್ಚಗಿಟ್ಟು, ಎಲೆಕೋಸಿನ ಉಪ್ಪಿನಕಾಯಿ, ಬೀನ್ಸ್ ಸಾರಿನಲ್ಲೇ ದಿನ ತಳ್ಳಿದಳು. ಮಾರಿಬಿಡು ಎಂದೆ. ಮಾರಲಿಲ್ಲ. ವಸಂತ ಬಂದಾಗ ತಲೆಗೆ ಬಟ್ಟೆ ಬಿಗಿದುಕೊಂಡು ಸಮುದ್ರದ ತನಕ ಒಬ್ಬಳೇ ಹೋಗಿಬಂದಳು. ಬಂದವಳು, ದಾರಿಯ ಪೆಟ್ರೋಲ್ ಬಂಕಿನವನು ಎರಡು ಲೀಟರ್ ಕಡಿಮೆ ಹಾಕಿದ್ದಾನೆ ಎಂದು ನನ್ನ ಮುಂದೆ ಒಂದು ಗಂಟೆ ವಾದಿಸಿದಳು.