ಪಾತ್ರೆ ಕಾಯುವವಳು ಕಂಡ ಕೆರೆ

ನಮ್ಮ ಜನ ಒಂದು ಕೆರೆ ನೋಡಲು ಹೊರಟರೆಂದರೆ ಮೊದಲು ಮಾಡುವ ಕೆಲಸ ಅಕ್ಕಿ ನೆನೆಸುವುದು. ಸರಿಯಾಗಿ ಹೇಳಬೇಕೆಂದರೆ, ನೆನೆಸಲು ಹೇಳುವುದು. ಬೇರೆ ದೇಶಗಳಲ್ಲಿ ಗುಡ್ಡ ಹತ್ತುವವರು ಹಗ್ಗ, ಊರುಗೋಲು, ದಿಕ್ಸೂಚಿ ಮುಂತಾದವನ್ನು ಒಯ್ಯುತ್ತಾರಂತೆ. ನಮ್ಮವರು ಒಯ್ಯುವುದು ಇಡ್ಲಿ, ಚಟ್ನಿ, ಚಿತ್ರಾನ್ನ, ಮೊಸರನ್ನ, ಅದಕ್ಕೆ ನೆಂಚಿಕೊಳ್ಳಲು ಉಪ್ಪಿನಕಾಯಿ, ಉಪ್ಪಿನಕಾಯಿ ಸೋರಿದರೆ ಒರೆಸಲು ಹಳೆಯ ಪಂಚೆಯ ತುಂಡು. ಇಷ್ಟನ್ನೂ ಹೊತ್ತು ಗುಡ್ಡ ಹತ್ತಿದ ಮೇಲೆ ಕೆರೆಯನ್ನು ಯಾರು ನೋಡಬೇಕು, ಪಾತ್ರೆಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಏಳಬೇಕಲ್ಲವೇ? ನಮ್ಮಲ್ಲಿ ಅದು ಏಳಲೇ ಇಲ್ಲ. ಪಾತ್ರೆಗೆ ನಾನಿದ್ದೆನಲ್ಲ.

ಎಂಬತ್ತರ ದಶಕದಲ್ಲಿ ನಾವು ಮುಂಬಯಿಯ ಬೊರಿವಲಿಯಲ್ಲಿದ್ದೆವು. ನಮ್ಮ ಬಿಲ್ಡಿಂಗಿನ ಹಿಂದಿನ ಬಾಲ್ಕನಿಯಿಂದ ಕಾಡು ಬೆಳೆದ ಗುಡ್ಡಗಳು ಕಾಣುತ್ತಿದ್ದವು. ಆ ಗುಡ್ಡಗಳ ಮೇಲೆಲ್ಲೋ ಒಂದು ಕೆರೆಯಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮ ಯಜಮಾನರು ವಾರವಿಡೀ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಚರ್ಚ್‌ಗೇಟಿನ ಆಫೀಸಿಗೆ ಹೋಗಿ, ನಿಂತುಕೊಂಡೇ ಹಿಂತಿರುಗಿ, ಮನೆಗೆ ಬಂದವರೇ ಕಾಲು ನೋವು ಎಂದು ಬಿಸಿನೀರು ಕೇಳುವವರು. ಡಾಕ್ಟರರು ಒಮ್ಮೆ ಅವರ ಹೊಟ್ಟೆಯನ್ನು ನೋಡಿ, ಸ್ವಲ್ಪ ನಡೆಯಿರಿ ಅಂದರು. ಬಿಲ್ಡಿಂಗಿನ ಸುತ್ತ ನಡೆದಿದ್ದರೂ ಸಾಕಿತ್ತು. ಇವರಿಗೆ ನಡೆಯುವುದಕ್ಕೆ ಗುಡ್ಡವೇ ಬೇಕಾಯಿತು. ಇಡೀ ಬಿಲ್ಡಿಂಗು ಟಿವಿಯ ಮುಂದೆ ಕೂತಿರುವ ಭಾನುವಾರದ ಬೆಳಿಗ್ಗೆ ನಾನು ತಿಂಡಿ ಡಬ್ಬಿಗಳಿಗೆ ಮುಚ್ಚಳ ಹುಡುಕುತ್ತಿರುತ್ತಿದ್ದೆ.

ಜೊತೆಗೆ ಇಬ್ಬರು ಗೆಳೆಯರು. ಮೇಲಿನ ಮಹಡಿಯ ಶ್ಯಾಮಣ್ಣ ಬೆಂಗಳೂರಿನವರು, ಎಂಜಿನಿಯರು. ಅವರ ಹೆಂಡತಿಗೆ ಪ್ರತಿ ಶನಿವಾರ ರಾತ್ರಿ ತಲೆನೋವು ಶುರುವಾಗಿ ಸೋಮವಾರ ಬೆಳಿಗ್ಗೆ ವಾಸಿಯಾಗುತ್ತಿತ್ತು. ಆಕೆಯ ಬುದ್ಧಿವಂತಿಕೆ ನನಗೆ ಅರ್ಥವಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಇನ್ನೊಬ್ಬರು ಸ್ಟೇಷನ್ ಹತ್ತಿರ ಟೈಲರಿಂಗ್ ಅಂಗಡಿಯಿಟ್ಟಿದ್ದ ಹುಬ್ಬಳ್ಳಿಯ ಇಮಾಮ್‌ಸಾಬರು. ಯಜಮಾನರ ಪ್ಯಾಂಟಿನ ಸೊಂಟವನ್ನು ಮತ್ತೆ ಮತ್ತೆ ಬಿಡಿಸಿಕೊಟ್ಟೇ ಸ್ನೇಹಿತರಾದವರು. ಅವರ ಹೆಂಡತಿ ಶಮೀಮ್ ಮಾತ್ರ ತಪ್ಪದೆ ಬರುತ್ತಿದ್ದಳು. ರೊಟ್ಟಿ, ಎಣ್ಣೆಗಾಯಿ ಪಲ್ಯ ಅವಳದು, ಉಳಿದದ್ದೆಲ್ಲ ನನ್ನದು.

ನನಗೂ ಆ ಕೆರೆ ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳಿಗೇಕೆ ಇಷ್ಟೊಂದು ಸಿಟ್ಟು ಅಂದುಕೊಳ್ಳುತ್ತೀರಿ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಸಂಜೆ ಅಪ್ಪನ ಜೊತೆ ಕೆರೆ ಏರಿಯ ಮೇಲೆ ಕೂತು, ಕತ್ತಲಾಗುವವರೆಗೆ ನೀರು ನೋಡಿ ಎದ್ದು ಬರುವುದು ಆಗ ನಿತ್ಯದ ರೂಢಿ. ಮುಂಬಯಿಯಲ್ಲಿ ಸಮುದ್ರವಿದೆ, ಒಪ್ಪುತ್ತೇನೆ. ಆದರೆ ಅದೂ ಈ ಊರಿನದೇ ಅಲ್ಲವೇ? ಒಂದು ಗಳಿಗೆ ಸುಮ್ಮನಿರುವುದಿಲ್ಲ, ಹೋಗುತ್ತದೆ, ಬರುತ್ತದೆ, ಗದ್ದಲ ಮಾಡುತ್ತದೆ. ಮನೆಯ ನಲ್ಲಿಯ ನೀರೂ ಬಂದ ಕೂಡಲೇ ಹಿಡಿದಿಟ್ಟುಕೊಳ್ಳಬೇಕಾದ ನೀರು. ಸುಮ್ಮನೆ ನಿಂತ ನೀರಿನ ಮುಂದೆ ಸುಮ್ಮನೆ ಕೂತು ಎಷ್ಟೋ ವರ್ಷಗಳಾಗಿದ್ದವು. ನನಗೆ ಅಷ್ಟೇ ಬೇಕಿತ್ತು, ಇಡ್ಲಿ ಬೇಕಿರಲಿಲ್ಲ.

ಮೊದಲ ಸಲ ಹೋದದ್ದು ಮಳೆಗಾಲದಲ್ಲಿ. ಮುಕ್ಕಾಲು ದಾರಿಯಲ್ಲಿ ಒಂದು ದೊಡ್ಡ ಆಲದ ಮರ, ಅದರ ಕೆಳಗೆ ಚಪ್ಪಟೆ ಬಂಡೆ. ಅಲ್ಲಿಂದ ಮುಂದೆ ದಾರಿ ಕಡಿದಾಗುತ್ತದೆ. ಶ್ಯಾಮಣ್ಣ ಸೊಂಟದ ಮೇಲೆ ಕೈಯಿಟ್ಟು ದಾರಿಯನ್ನು ಪರೀಕ್ಷಿಸಿ, "ಇಲ್ಲಿಂದ ಮೇಲೆ ಲಗೇಜ್ ಬೇಡ," ಎಂದು ತೀರ್ಮಾನಿಸಿದರು. ಮರದ ಮೇಲೆ ಕೋತಿಗಳ ಒಂದು ಸಂಸಾರ ಕೂತು ನಮ್ಮ ಚೀಲಗಳನ್ನೇ ನೋಡುತ್ತಿತ್ತು. ಯಜಮಾನರು ಕೋತಿಗಳನ್ನು ನೋಡಿದರು, ಚೀಲಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೀವಿಬ್ರೂ ಇಲ್ಲೇ ಕೂತಿರಿ. ನಾವು ಹಿಂಗ್ಹೋಗಿ ಹಂಗ್ಬಂದ್ಬಿಡ್ತೀವಿ," ಅಂದರು.

ಹಾಗೆ ಹೋದವರು ಗಂಟೆಗಟ್ಟಲೆ ಬರಲಿಲ್ಲ. ನಾನೂ ಶಮೀಮಳೂ ಒಂದೇ ಕೊಡೆಯ ಕೆಳಗೆ ಮುದುಡಿ ಕೂತು, ಕೈಯಲ್ಲೊಂದು ಕೋಲು ಹಿಡಿದು, ಮೊಸರನ್ನವನ್ನು ಕಾದೆವು. ನಮ್ಮ ಮಗಳು ಸ್ಮಿತಾ ಕೂಡ ಗಂಡಸರ ಜೊತೆ ಹಾರಿಹೋಗಿದ್ದಳು. ಹಿಂತಿರುಗಿದವರ ಮೈಯೆಲ್ಲ ಒದ್ದೆ, ಮುಖವೆಲ್ಲ ಕಳೆ. ಕೆರೆ ಹೇಗಿತ್ತು ಎಂದು ಕೇಳಿದೆ.

"ಬರೀ ಮೋಡ ಕಣೇ, ಏನೂ ಕಾಣ್ಲಿಲ್ಲ," ಅಂದರು ಯಜಮಾನರು ಇಡ್ಲಿಗೆ ಕೈ ಹಾಕುತ್ತ. "ಆದ್ರೆ ಚೆನ್ನಾಗಿತ್ತು."

ಏನೂ ಕಾಣದ ಮೇಲೆ ಚೆನ್ನಾಗಿದ್ದದ್ದು ಏನು? ಕೇಳಿದರೆ ಬಾಯಲ್ಲಿ ಇಡ್ಲಿ.

ನಾನು ಕನ್ನಡ ಎಂ.ಎ. ಮಾಡಿದವಳು. ಆ ಓದು ಈ ಊರಿನಲ್ಲಿ ಇನ್ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲವಾದರೂ ಆಲದ ಮರದ ಕೆಳಗೆ ಹೊತ್ತು ಕಳೆಯಲು ಒದಗಿತು. ಮಹಾಕಾವ್ಯವೆಂದರೆ ಅದರಲ್ಲಿ ಅಷ್ಟಾದಶ ವರ್ಣನೆಗಳಿರಬೇಕು ಎಂದು ನಮ್ಮ ಹಿಂದಿನವರು ವಿಧಿಸಿದ್ದಾರೆ. ಬೆಟ್ಟದ ವರ್ಣನೆ ಬೇಕು, ಋತುಗಳ ವರ್ಣನೆ ಬೇಕು, ವನವಿಹಾರ ಬೇಕು, ಜಲಕ್ರೀಡೆಯಂತೂ ಬೇಕೇ ಬೇಕು. ಅರಸನೂ ಅರಸಿಯರೂ ಪರಿವಾರ ಸಮೇತ ಕಾಡಿಗೆ ಹೋಗುತ್ತಾರೆ, ಹೂ ಕೊಯ್ಯುತ್ತಾರೆ, ಕೊಳಕ್ಕೆ ಇಳಿದು ನೀರೆರಚಾಡುತ್ತಾರೆ. ಅಷ್ಟು ಜನಕ್ಕೆ ಊಟವಾದರೂ ಇರಲೇಬೇಕಲ್ಲ? ಅದನ್ನು ಕೋತಿಗಳಿಂದ ಕಾಪಾಡಿದವರು ಯಾರು? ಹದಿನೆಂಟರಲ್ಲಿ ಒಂದು ಕಡೆಯೂ ಆಕೆಯ ಸುದ್ದಿಯಿಲ್ಲ. ಹತ್ತೊಂಬತ್ತನೆಯದಾಗಿ ಪಾತ್ರೆ ಕಾಯುವವಳ ವರ್ಣನೆಯನ್ನು ಸೇರಿಸಬೇಕೆಂದು ನಾನು ಶಮೀಮಳಿಗೆ ವಿವರಿಸಿದೆ. ಅವಳು ಎಲ್ಲವನ್ನೂ ಸಾವಧಾನವಾಗಿ ಕೇಳಿ, "ಅಕ್ಕಾರ, ಆ ಸಣ್ಣ ಮಂಗ್ಯಾ ನಿಮ್ಮ ಹಿಂದ ಬಂದೈತಿ ನೋಡ್ರಿ," ಅಂದಳು.

ಎರಡನೆಯ ಸಲ ಚಳಿಗಾಲ. ಮುಂಬಯಿಯಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಸ್ವಲ್ಪ ಕಡಿಮೆ ಮಾಡಿ, ಮಫ್ಲರ್ ಸುತ್ತಿಕೊಂಡು ಓಡಾಡುವ ಕಾಲ. ಈ ಸಲ ನಾನೂ ಬರುತ್ತೇನೆಂದು ಮೊದಲೇ ಸಾರಿದ್ದೆ. ಆಗ ಶ್ಯಾಮಣ್ಣನವರ ಎಂಜಿನಿಯರಿಂಗ್ ಎಚ್ಚೆತ್ತುಕೊಂಡಿತು. "ಸಿಂಪಲ್, ಅತ್ತಿಗೆ. ಚೀಲಗಳನ್ನ ಹಗ್ಗ ಕಟ್ಟಿ ಮೇಲೆ ತೂಗಿಬಿಟ್ರೆ ಆಯ್ತು. ಕೋತಿಗೆ ಎಟುಕಲ್ಲ," ಅಂದರು. ಕೋತಿಗೆ ಎಟುಕದಿರಲೆಂದು ಊಟವನ್ನು ಮರಕ್ಕೆ ನೇತುಹಾಕಿದ ಜನ ಈ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು. ಕಡಿದಾದ ದಾರಿಯ ಮೊದಲ ತಿರುವನ್ನು ನಾನು ಇನ್ನೂ ದಾಟಿರಲಿಲ್ಲ, ಹಿಂದೆ ಸ್ಟೀಲ್ ಡಬ್ಬಿ ಬಂಡೆಗೆ ಬಿದ್ದ ಸದ್ದಾಯಿತು. ಇಡ್ಲಿ ಡಬ್ಬಿಯ ಸದ್ದು ನನಗೆ ಗೊತ್ತು. ಓಡಿ ಬಂದು ನೋಡಿದರೆ ಒಂದು ಕೋತಿ ಚಿತ್ರಾನ್ನದಿಂದ ಕಡಲೆಕಾಯಿ ಬೀಜಗಳನ್ನು ಮಾತ್ರ ಆರಿಸಿ ತಿನ್ನುತ್ತಿತ್ತು, ಥೇಟ್ ನಮ್ಮ ಯಜಮಾನರ ಹಾಗೆ. ಉಳಿದದ್ದನ್ನು ರಕ್ಷಿಸಿಕೊಂಡು ನಾನೂ ಶಮೀಮಳೂ ಕೂತೆವು.

ಗಂಡಸರು ಕೆರೆ ನೋಡಿ ಬಂದರು. "ಅಯ್ಯೋ, ಅಷ್ಟು ಹೊತ್ತು ನೋಡ್ಕೊಳೋಕಾಗ್ಲಿಲ್ವಾ ನಿಂಗೆ?" ಅಂದರು ಯಜಮಾನರು. ಮೈ ಪರಚಿಕೊಳ್ಳುವಂತಾಯಿತು. ಕೆರೆ ಹೇಗಿತ್ತೆಂದು ಆದರೂ ಕೇಳಿದೆ, ನಾಚಿಕೆ ಬಿಟ್ಟು.

"ಚೆನ್ನಾಗಿತ್ತು. ನೀರು," ಅಂದರು.

ಶ್ಯಾಮಣ್ಣ ಮೂಗು ಮುರಿದು, ನಮ್ಮ ಬೆಂಗಳೂರಿನ ಕೆರೆಗಳ ಮುಂದೆ ಇದೇನೂ ಅಲ್ಲ ಅಂದರು. ಸ್ಮಿತಾ ಒಬ್ಬಳೇ ಕಣ್ಣರಳಿಸಿ, "ಅಮ್ಮಾ, ಪಾನಿ ಏಕ್‌ದಮ್ ಗ್ರೀನ್ ಇತ್ತು. ಇಡೀ ಪಹಾಡ್ ಉಲ್ಟಾ ಕಾಣ್ತಿತ್ತು. ನೀನು ಯಾಕೆ ಬರಲ್ಲ?" ಎಂದು ಕೇಳಿದಳು. ನಾನು ತಿರುವಿನಿಂದಲೇ ಹಿಂತಿರುಗಿದ್ದನ್ನು ಅವಳು ನೋಡಿದ್ದಳು. ಬರಲು ನನಗೇ ಇಷ್ಟವಿಲ್ಲ ಎಂದು ತಿಳಿದಿದ್ದಳು. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಬೇಸಿಗೆಯಲ್ಲೂ ಹೋದೆವು. ಬೆವರು ಸುರಿಸಿಕೊಂಡು, ಮಜ್ಜಿಗೆಯ ಕ್ಯಾನನ್ನೂ ಹೊತ್ತುಕೊಂಡು ಹೋದೆವು. ಆಲದ ಮರದ ನೆರಳಲ್ಲಿ ನಾವಿಬ್ಬರು, ಮೇಲೆ ಅದೇ ಸಂಸಾರ. ಇಷ್ಟು ಹೊತ್ತಿಗೆ ಕೋತಿಗಳಿಗೂ ನಮಗೂ ಮುಖ ಪರಿಚಯವಾಗಿತ್ತು. ಬಿಸಿಲಿಗೆ ಕೆಂಪಾಗಿ ಇಳಿದುಬಂದ ಯಜಮಾನರು, "ಅರ್ಧ ಬತ್ತಿಹೋಗಿದೆ. ನೀನು ಬರದೆ ಇದ್ದದ್ದೇ ಒಳ್ಳೇದಾಯ್ತು," ಎಂದು ಸಮಾಧಾನ ಹೇಳಿದರು. ನನ್ನ ಕೆರೆ ನಾನು ನೋಡುವ ಮೊದಲೇ ಬತ್ತಿಹೋದರೆ ಅದರಲ್ಲಿ ಒಳ್ಳೆಯದು ಏನಿದೆ ಎಂದು ಲೋಕಲ್‌ನಲ್ಲಿ ಜಗಳವಾಡುವವರ ದನಿಯಲ್ಲಿ ಕೇಳಿದೆ. ಚಳಿಗಾಲದಲ್ಲಿ ನಾನು ಸಾರಿದ್ದು ಅವರಿಗೆ ಮರೆತೇಹೋಗಿತ್ತು, ನಿಜಕ್ಕೂ ಆಶ್ಚರ್ಯವಾಯಿತು. "ನಿಂಗೆ ನೋಡ್ಬೇಕಿತ್ತಾ? ಹೇಳ್ಬಾರ್ದಾ?" ಅಂದರು. ಕೆಟ್ಟವರಲ್ಲ ಇವರು. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮತ್ತೊಂದು ಮಳೆಗಾಲ ಬಂದಿತು. ಗಣಪತಿಯನ್ನು ಬಿಟ್ಟ ಮೇಲಿನ ಒಂದು ಭಾನುವಾರ, ಆಕಾಶ ತೊಳೆದಿಟ್ಟಂತಿತ್ತು. ಕೆರೆ ತುಂಬಿದೆಯೆಂದು ಎಲ್ಲೆಲ್ಲೂ ಸುದ್ದಿ. ಮತ್ತೆ ಅಕ್ಕಿ ನೆನೆಯಿತು. ಮತ್ತೆ ಆಲದ ಮರ ಬಂತು. ಬೇಸಿಗೆಯ ಮಾತು ಯಜಮಾನರಿಗೆ ನೆನಪಿತ್ತು, ಪಾಪ. "ನಾವು ನೋಡ್ಕೊಂಡು ಬೇಗ ಬರ್ತೀವಿ, ಆಮೇಲೆ ನೀನು ಹೋಗು," ಅಂದರು. ಆಮೇಲೆ ಎಂದರೆ ಊಟವಾದ ಮೇಲೆ, ಊಟವಾದ ಮೇಲೆ ಎಂದರೆ ಪಾತ್ರೆ ತೊಳೆದ ಮೇಲೆ, ಅಷ್ಟು ಹೊತ್ತಿಗೆ ಮನೆಗೆ ಹೊರಡುವ ಹೊತ್ತು. ನಾನು ಕೋಲು ಹಿಡಿದು ಕೂತೆ. ಅವರು ತಿರುವಿನಲ್ಲಿ ಮರೆಯಾದರು.

ಶಮೀಮ್ ಮರದ ಮೇಲಿನ ಕೋತಿಗಳನ್ನೊಮ್ಮೆ ನೋಡಿದಳು. ಆಮೇಲೆ ಎದ್ದು, ರೊಟ್ಟಿಯ ಗಂಟನ್ನು ಬಿಚ್ಚಿ ಬಂಡೆಯ ಮೇಲೆ ಹರಡಿದಳು.

"ಏನ್ಮಾಡ್ತಿದೀಯೇ?" ಅಂದೆ.

"ಅಕ್ಕಾರ, ಮಂಗ್ಯಾಗಳಿಗೆ ಊಟ ಬೇಕು. ನಮಗ ಕೆರಿ ಬೇಕು. ಎಷ್ಟು ದಿನ ಹಿಂಗ ಎದ್ರಾಬದ್ರ ಕುಂಡ್ರೂದ್ರಿ?"

ನಾನು ಬೆಳಗಿನ ಜಾವ ಎದ್ದು ಮಾಡಿದ ಚಿತ್ರಾನ್ನವನ್ನೊಮ್ಮೆ ನೋಡಿದೆ. ಮುಚ್ಚಳ ತೆಗೆದೆ. ಇಡ್ಲಿಯದನ್ನೂ ತೆಗೆದೆ. ಉಪ್ಪಿನಕಾಯಿಯನ್ನು ಮಾತ್ರ ಚೀಲಕ್ಕೆ ಸೇರಿಸಿದೆ. ಪಾಪದ ಪ್ರಾಣಿಗಳಿಗೆ ಖಾರವಾದೀತು. ಕೋಲನ್ನು ಊರುಗೋಲು ಮಾಡಿಕೊಂಡು ಇಬ್ಬರೂ ಹತ್ತಿದೆವು. ದಾರಿ ಅವರು ಹೇಳಿದಷ್ಟೇನೂ ಕಡಿದಾಗಿರಲಿಲ್ಲ.

ಮೇಲೆ ಹೋದರೆ ಮೂವರು ಗಂಡಸರೂ ದಡದಲ್ಲಿ ಕೂತಿದ್ದರು. ಅಷ್ಟು ವರ್ಷ ಜೊತೆಗೆ ಸಂಸಾರ ಮಾಡಿದ ಯಜಮಾನರು ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತು ಆಡಿದ ಮೊದಲ ಮಾತು, "ಪಾತ್ರೆ?"

"ಕೆಳಗಿದೆ," ಅಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಗಳಿಗೆಯಲ್ಲಿ ಮೂವರೂ ಇಳಿಜಾರಿನಲ್ಲಿ ಓಡುತ್ತಿದ್ದರು. ಡಾಕ್ಟರರು ನೋಡಿದ್ದರೆ ಸಂತೋಷಪಡುತ್ತಿದ್ದರು. ಸ್ಮಿತಾ ಓಡಲಿಲ್ಲ. ನನ್ನ ಕೈ ಹಿಡಿದು, "ಆ ಪತ್ಥರ್ ಮೇಲಿಂದ ಬೆಸ್ಟ್ ಕಾಣತ್ತೆ ಅಮ್ಮಾ, ಬಾ," ಎಂದು ಕರೆದೊಯ್ದಳು. ನಾವು ಮೂವರೂ ಆ ಬಂಡೆಯ ಮೇಲೆ ಕೂತೆವು. ನೀರು ಸುಮ್ಮನೆ ನಿಂತಿತ್ತು. ಆಚೆ ದಡದ ಗುಡ್ಡ ಮಗಳು ಹೇಳಿದಂತೆಯೇ ತಲೆಕೆಳಗಾಗಿ ಕಂಡಿತು. ಹಸಿವಾಯಿತು, ಆದರೆ ಏಳಬೇಕೆನಿಸಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿರುವಂತೆ ಅನ್ನಿಸಿ ಕಣ್ಣು ತುಂಬಿ ಬಂತು. ಶಮೀಮ್ ನೋಡಿಯೂ ನೋಡದಂತೆ ಆಚೆ ತಿರುಗಿ ಕೂತಳು.

ಮಧ್ಯಾಹ್ನ ಸ್ಟೇಷನ್ ಹತ್ತಿರ ನಿಂತು ಎಲ್ಲರೂ ವಡಾಪಾವ್ ತಿಂದೆವು. ಕೋತಿಗಳು ಮೊಸರನ್ನವನ್ನೂ ಬಿಟ್ಟಿರಲಿಲ್ಲವಂತೆ. ಖಾಲಿ ಡಬ್ಬಿಗಳ ಚೀಲವನ್ನು ಯಜಮಾನರೇ ಹಿಡಿದುಕೊಂಡಿದ್ದರು. ಸಿಟ್ಟು ಮಾಡಿಕೊಂಡಿದ್ದಾರೋ ಏನೋ ಎಂದು ನಾನು ಕಾಯುತ್ತಲೇ ಇದ್ದೆ. ಅವರು ಕೊನೆಯ ತುಂಡನ್ನು ನುಂಗಿ, ಬಹಳ ಮೆಲ್ಲಗೆ ಕೇಳಿದರು: "ಕೆರೆ ಹೇಗಿತ್ತೇ?"

ನನ್ನ ಎಂ.ಎ.ಯನ್ನೆಲ್ಲ ನೆನೆದುಕೊಂಡೆ, ಹದಿನೆಂಟು ವರ್ಣನೆಗಳನ್ನೂ ತಡಕಾಡಿದೆ.

"ಚೆನ್ನಾಗಿತ್ತು," ಅಂದೆ. "ನೀರು."

ಅದಕ್ಕಿಂತ ಹೆಚ್ಚು ಹೇಳಲು ನನಗೂ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ.