ಎರಡನೇ ರಿಮೋಟು

ಇವತ್ತು ಬೆಳಿಗ್ಗೆ ಸಂತೆಯಿಂದ ತಂದ ಒಣಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸಿದೆ. ಒಳಗೆ ಲೊಡಲೊಡ ಎಂದಿತು. ಅಂದರೆ ಕೊಬ್ಬರಿಯಾಗಿದೆ. ಅರಸೀಕೆರೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ನಿಮಗಾಗಿ ಹೇಳಿದೆ ಅಷ್ಟೆ.

ಚಿಕ್ಕಂದಿನಲ್ಲಿ ನಮ್ಮಣ್ಣ ವಿಡಿಯೋ ಗೇಮಿನ ರಿಮೋಟನ್ನೂ ಹೀಗೇ ಅಲ್ಲಾಡಿಸುತ್ತಿದ್ದ. ಮೊದಲನೇ ರಿಮೋಟು ಅವನದು, ಗುಂಡಿ ಸಿಕ್ಕಿಹಾಕಿಕೊಳ್ಳುವ ಎರಡನೆಯದು ನನ್ನದು. ಆಟ ಶುರುವಾದೊಡನೆ ಟಿವಿಯೊಳಗಿನ ತನ್ನ ಬೊಂಬೆಯನ್ನು ಮೂರು ಸಲ ಕುಣಿಸಿ, "ಕಾಯಿ ಆಗೈತೆ, ನಡಿಯೇ" ಎನ್ನುತ್ತಿದ್ದ. ಹಳ್ಳ ಬಂದಾಗ ನಾನು ಬೀಳುತ್ತಿದ್ದೆ, ಅವನು ಬೈಯುತ್ತಾ ನಿಂತು ಕಾಯುತ್ತಿದ್ದ. ಒಬ್ಬಳೇ ಆಡಿದರೆ ಅದೇ ಹಳ್ಳವನ್ನು ಸಲೀಸಾಗಿ ದಾಟುತ್ತಿದ್ದೆ. ಯಾಕೆಂದು ಇವತ್ತಿಗೂ ಅರ್ಥವಾಗಿಲ್ಲ.

ಅಂಥ ಅಣ್ಣ ನಾಲ್ಕು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ತೀರಿಹೋದ ಅಪ್ಪನ ವರ್ಷದ ಪೂಜೆಗೆ ನಾನು ದಿನ ತಪ್ಪು ತಿಳಿದು, ಮಾರನೇ ದಿನ ಹೂವಿನ ಹಾರ ಹಿಡಿದು ಅಣ್ಣನಿರುವ ಹಾರನಹಳ್ಳಿಯಲ್ಲಿ ಬಸ್ಸಿಳಿದೆ. ತಪ್ಪು ನನ್ನದೇ. ಹಾಗೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಹೋದ ತಿಂಗಳು ಫೋನಿನ ಆಟದಲ್ಲಿ ಗುರುತಿಲ್ಲದ ಹೆಸರಿನವರೊಬ್ಬರು ಜೊತೆಗೆ ಆಡಲು ಕರೆದರು. ಆಟ ಶುರುವಾಯಿತು, ಅವರ ಬೊಂಬೆ ಮೂರು ಸಲ ಕುಣಿಯಿತು. ಅಂದಿನಿಂದ ದಿನಾ ಮಧ್ಯಾಹ್ನ ಆಡುತ್ತಿದ್ದೇವೆ. ನಾನು ಬಿದ್ದರೆ ಅವರು ನಿಂತು ಕಾಯುತ್ತಾರೆ. ಅಣ್ಣನೇ ಇರಬಹುದೇ? ನಾನೆಂದು ಗೊತ್ತಿದ್ದೂ ಆಡುತ್ತಿದ್ದಾನೆಯೇ? ಕೇಳಿದರೆ ಇರುವ ಆಟವೂ ಹೋದೀತೆಂಬ ಭಯ. ಮಾತು ಬಿಟ್ಟವನ ಜೊತೆ ಆಡಿದರೆ ಅದು ಮಾತಾಡಿದ ಹಾಗೋ ಅಲ್ಲವೋ, ನೀವೇ ಹೇಳಿ.

ಬೆಳಿಗ್ಗೆ ಕಾಯಿ ಅಲ್ಲಾಡಿಸಿದ ಧೈರ್ಯವೋ ಏನೋ, ಇವತ್ತು ಆಟದ ನಡುವೆ ಮೈಕ್ ಒತ್ತಿ, "ಅಣ್ಣಾ, ಕಾಯಿ ಆಯ್ತಾ?" ಎಂದುಬಿಟ್ಟೆ.

"ನಾನು ಕಣಮ್ಮಾ, ನಿಮ್ಮತ್ತಿಗೆ," ಎಂದಿತು ಧ್ವನಿ. "ಕುಣಿಸಿಯೇ ಶುರು ಮಾಡ್ಬೇಕು ಅಂತ ನಿಮ್ಮಣ್ಣ ಯಾವಾಗ್ಲೂ ಹೇಳ್ತಿರ್ತಾರೆ. ನಿಮ್ಮನ್ನ ಕರೆದಿದ್ದು ಮಾತ್ರ ನಾನೇ. ಅವರಿಗೆ ಗೊತ್ತಿಲ್ಲ."

ಅವರ ಹಿಂದಿನಿಂದ ಅಣ್ಣನ ದನಿ ಕೇಳಿಸಿತು: "ಯಾರ ಜೊತೆಗೇ ಮಾತು?"

"ಏನ್ ಹೇಳ್ಲಿ?" ಅತ್ತಿಗೆ ಪಿಸುಗುಟ್ಟಿದರು.

"ಎರಡನೇ ರಿಮೋಟಿನವಳು ಅನ್ನಿ. ದಿನ ತಪ್ಪಿದ್ದು ಅವಳದೇ ತಪ್ಪಂತೆ ಅನ್ನಿ."

ಅತ್ತಿಗೆ ಅಷ್ಟನ್ನೂ ಹಾಗೇ ಒಪ್ಪಿಸಿದರು. ಆಮೇಲೆ ಫೋನು ಕೈ ಬದಲಾಯಿಸಿದ ಹಾಗಾಯಿತು.

"ಇದ್ರಲ್ಲಿ ನೆಗೆಯೋ ಗುಂಡಿ ಯಾವ್ದೇ?" ಎಂದ ಅಣ್ಣ.

ಹೇಳುವಷ್ಟರಲ್ಲಿ ಅವನ ಬೊಂಬೆ ಹಳ್ಳಕ್ಕೆ ಬಿತ್ತು. ನಾನು ಬೈಯಲಿಲ್ಲ. ನಿಂತು ಕಾದೆ.