ಧರ್ಮ ಜೋಡಿಸಿದ, ರಾಜಶೇಖರ ಓಡಿಸಿದ ಕಾರು

ಹೊಂಗಡಹಳ್ಳದ ಸುತ್ತಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ ಧರ್ಮನಿಗೇ ಹೇಳಿ ಕಳಿಸುತ್ತಿದ್ದರು. ಬಂದವನು ಮೊದಲು ಯಂತ್ರ ಮುಟ್ಟುತ್ತಿರಲಿಲ್ಲ. ಓಡಿಸಲು ಹೇಳಿ, ಕಣ್ಣು ಮುಚ್ಚಿ ಕೇಳುತ್ತಿದ್ದ. "ಎಡಗಡೆ ಬೇರಿಂಗ್ ಹೋಗೈತೆ" ಅಂದನೆಂದರೆ ಬಿಚ್ಚಿದಾಗ ಎಡಗಡೆಯದೇ ಹೋಗಿರುತ್ತಿತ್ತು. ಅಂಥ ಕಿವಿ, ಅಂಥ ಕೈ. ಒಂದೇ ಒಂದು ಊನ ಇತ್ತು. ಅವನೇ ಬಾಯಿಬಿಟ್ಟು ಹೇಳಿಕೊಂಡಿದ್ದರಿಂದ ನಾನೂ ಹೇಳಬಹುದು: ಹೊಟ್ಟೆಕಿಚ್ಚು.

ಎರಡು ಸಾವಿರದ ಮೂರನೇ ಇಸವಿ. ಬಾಳ್ಳುಪೇಟೆಯ ಕಾಫಿ ವ್ಯಾಪಾರಿ ಶಾಂತಮಲ್ಲಪ್ಪನವರ ಮಗ ರಾಜಶೇಖರ, ಹೈಸ್ಕೂಲಿನಲ್ಲಿ ಧರ್ಮನ ಪಕ್ಕ ಕೂತವನು, ಒಂದು ದೊಡ್ಡ ಡಬ್ಬಿ ಹೊತ್ತು ಬಂದ. ಒಳಗೆ ರಿಮೋಟಿನಲ್ಲಿ ಓಡುವ ರೇಸ್ ಕಾರು, ಆದರೆ ಪೂರಾ ಬಿಡಿಬಿಡಿ. ಹಲ್ಲುಚಕ್ರ, ಸ್ಪ್ರಿಂಗು, ಸಾಸಿವೆ ಕಾಳಿನಷ್ಟು ಸ್ಕ್ರೂ.

"ನಂಗೆ ಒಂದು ನಟ್ಟೂ ಕೂರ್ಸಕ್ಕೆ ಬರಲ್ಲ ಕಣೋ. ನೀನೇ ಏನಾರ ಮಾಡು ಮಾರಾಯ."

ಧರ್ಮ ಆರು ಭಾನುವಾರ ಜಗಲಿ ಬಿಟ್ಟು ಏಳಲಿಲ್ಲ. ಅವನವ್ವ ತಾಯಮ್ಮ ಹೋಗುತ್ತ ಬರುತ್ತ ಚುಚ್ಚಿದಳು: "ಮೂವತ್ತು ವರ್ಷದ ಗಡ್ಡದ ಮಗು ಆಟ ಆಡ್ತಾ ಐತೆ, ಯಾರಾರ ಎತ್ಕೊಳ್ರವ್ವ!" ಚಕ್ರಗಳಿಗೆ ಕೊಟ್ಟಿದ್ದ ಪ್ಲಾಸ್ಟಿಕ್ ಬಳೆ ತೆಗೆದು ಬಾಲ್ ಬೇರಿಂಗ್ ಹಾಕಿದ. ಮೋಟಾರಿನ ಹಲ್ಲು ದೊಡ್ಡ ಚಕ್ರಕ್ಕೆ ತಗುಲಿ ಚೀರುತ್ತಿದ್ದದ್ದನ್ನು ಕಾಗದದಷ್ಟು ಸಂದು ಬಿಟ್ಟು ಸುಮ್ಮನಾಗಿಸಿದ. ಕಾರು ಕೆಳಗಿಟ್ಟಾಗ ಬೆಕ್ಕಿನಂತೆ ಸದ್ದಿಲ್ಲದೆ ಹೋಯಿತು.

ಹೋಯಿತು, ಬಾಳ್ಳುಪೇಟೆಗೆ. ಅಂಗಡಿಯ ಗಾಜಿನ ಬೀರುವಿನಲ್ಲಿ ಕೂತಿತು. ಬಂದವರೆಲ್ಲ "ರಾಜಶೇಖರನ ಕಾರು ನೋಡಿದ್ರಾ" ಎನ್ನತೊಡಗಿದರು. ಬಸ್ಸಿಗೆ ಕಾಯುತ್ತ ನಿಂತ ಧರ್ಮನ ಕಿವಿಗೆ ಅದು ಬಿದ್ದಾಗಲೆಲ್ಲ ಎದೆಯಲ್ಲಿ ಹಸಿ ಸೌದೆ ಹೊಗೆಯಾಡಿತು. ಜೋಡಿಸಿದವನು ಯಾರು ಎಂದು ಒಬ್ಬರಾದರೂ ಕೇಳಬಾರದೇ? ಬೆರಳು ಒತ್ತುವುದೂ ಒಂದು ವಿದ್ಯೆಯೇ?

ಯುಗಾದಿ ಮುಗಿದು, ಕಾಫಿ ಒಣಗಿಸುವ ಕಣ ಖಾಲಿಯಾದ ಮೇಲೆ, ದೋಣಿಗಲ್ಲಿನ ಅರುಣ್ ತನ್ನ ಎಸ್ಟೇಟಿನ ಸಿಮೆಂಟು ಕಣದಲ್ಲೇ ಪಂದ್ಯ ಇಟ್ಟ. ಅವನದ್ದೂ ಅಂಥದೇ ಕಾರು. ಮೂರು ಓಟ, ಎರಡು ಗೆದ್ದವನೇ ಪಂದ್ಯ ಗೆದ್ದಂತೆ.

ರಾಜಶೇಖರ ಪೇಟೆಯ ಟಾರು ರಸ್ತೆಯಲ್ಲಿ ಅಭ್ಯಾಸ ಮಾಡಿದ್ದ. ಅದಕ್ಕೆಂದು ಧರ್ಮನ ಕೈಯಲ್ಲೇ ಹಿಂದಿನ ಚಕ್ರಕ್ಕೆ ಗಟ್ಟಿ ಸ್ಪ್ರಿಂಗು ಹಾಕಿಸಿಕೊಂಡಿದ್ದ. ಕಣದ ಅಂಚಿನಲ್ಲಿ ನಿಂತು, ಜೊತೆಗೆ ಬಂದಿದ್ದ ಧರ್ಮನನ್ನು ಕೇಳಿದ: "ಇದೇ ಸ್ಪ್ರಿಂಗು ಸಾಕೇನೋ ಇಲ್ಲಿಗೆ?"

ನೋಡುವವರಿಗೆ ಕಣ ಮಟ್ಟಸ. ಆದರೆ ಕಾಫಿ ಕಣವನ್ನು ಯಾರೂ ಮಟ್ಟಸ ಕಟ್ಟುವುದಿಲ್ಲ. ಅಕಾಲದ ಮಳೆ ಬಿದ್ದರೆ ನೀರು ನಿಲ್ಲಬಾರದೆಂದು ಚರಂಡಿಯ ಕಡೆಗೆ ಒಂದಿಷ್ಟು ಇಳಿಜಾರು ಕೊಟ್ಟಿರುತ್ತಾರೆ. ಚರಂಡಿ ಕಡೆಯ ತಿರುವಿನಲ್ಲಿ ಗಟ್ಟಿ ಸ್ಪ್ರಿಂಗಿನ ಕಾರಿನ ಹಿಂಬದಿ ಜಾರುವುದು ಖಂಡಿತ. ಹದಿನೈದು ವರ್ಷ ಕಣಗಳಲ್ಲೇ ತಿರುಗಿದ ಧರ್ಮನಿಗೆ ಅದು ಗೊತ್ತಿತ್ತು.

"ಸಾಕು ಬುಡು" ಎಂದ.

ಮೊದಲ ಓಟದ ಎರಡನೇ ಸುತ್ತಿಗೇ ಕಾರಿನ ಬಾಲ ಬೀಸಿತು. ಚರಂಡಿಗೆ ಹಾರಿ ಮಗುಚಿಕೊಂಡಿತು. ಧರ್ಮನ ಹೊಟ್ಟೆ ತಣ್ಣಗಾಯಿತು, ಅರೆ ನಿಮಿಷ ಮಾತ್ರ. ಅಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಭೂತಯ್ಯ ಕೂಗಿದ: "ಯಾರ್ಲಾ ಇದನ್ನ ಜೋಡ್ಸಿದ್ದು? ನಮ್ಮ ಧರ್ಮನಾ? ಓ, ಪಲ್ಪರ್ ಕೈ ಅದು, ಆಟದ ಸಾಮಾನಿಗೆ ಒಗ್ಗಲ್ಲ!"

ಕಣವೆಲ್ಲ ನಕ್ಕಿತು. ಓಡಿದಾಗ ರಾಜಶೇಖರನದಾಗಿದ್ದ ಕಾರು ಬಿದ್ದಾಗ ಧರ್ಮನದಾಗಿಬಿಟ್ಟಿತ್ತು. ನಾಳೆಯಿಂದ ಯಾವ ಎಸ್ಟೇಟಿನವನು ತನ್ನ ಕೈ ನಂಬಿಯಾನು? ಬೆವರುತ್ತ ಚರಂಡಿಗಿಳಿದು ಕಾರು ಎತ್ತಿದ. ರಾಜಶೇಖರನೂ ಇಳಿದು ಬಂದ.

"ಕಣ ಇಳಿಜಾರು ಐತಲ್ಲೋ. ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಹೇಳ್ಲಿಲ್ಲ."

ರಾಜಶೇಖರ ಅವನ ಮುಖವನ್ನೇ ನೋಡಿದ. "ಹೊಟ್ಟೆಕಿಚ್ಚೇನೋ?"

"ಹ್ಞೂಂ" ಎಂದ ಧರ್ಮ, ಸ್ಕ್ರೂ ಬಿಚ್ಚುತ್ತ. ಡಬ್ಬಿಯಲ್ಲಿದ್ದ ಮೆತ್ತನೆಯ ಸ್ಪ್ರಿಂಗು ಹಾಕಿದ, ಚಕ್ರದ ಮಣ್ಣು ಒರೆಸಿದ, ಕಿವಿಗಿಟ್ಟು ಮೋಟಾರು ತಿರುಗಿಸಿ ಕೇಳಿದ.

ರಾಜಶೇಖರ ರಿಮೋಟನ್ನು ಅವನ ಕೈಗೆ ತುರುಕಿದ. "ಓಟಕ್ಕೆ ಮುಂಚೆ ಒಂದು ಸುತ್ತು ನೀನೇ ಓಡ್ಸು. ಬೆರಳು ಒತ್ತೋದು ತಾನೇ?"

ಕಾರು ದೂರ ಹೋಗುವವರೆಗೆ ಎಲ್ಲ ಸರಿ. ತಿರುಗಿ ತನ್ನ ಕಡೆಗೇ ಬರತೊಡಗಿದಾಗ ಎಡ ಬಲವಾಯಿತು, ಬಲ ಎಡವಾಯಿತು. ಅದು ನೆಟ್ಟಗೆ ಬಂದು ಭೂತಯ್ಯನ ಕಾಲಿಗೆ ಬಡಿಯಿತು. "ಅಯ್ಯಯ್ಯಪ್ಪೋ!" ಎಂದು ಆತ ಒಂಟಿ ಕಾಲಲ್ಲಿ ಕುಣಿದ.

ಉಳಿದೆರಡು ಓಟ ರಾಜಶೇಖರ ಗೆದ್ದ. ಚರಂಡಿ ಕಡೆಯ ತಿರುವಿನಲ್ಲಿ ಅವನ ಬೆರಳು ಹಗುರಾಗಿ ಸಡಿಲವಾಗುವುದನ್ನೂ, ಕಾರು ಅಂಚು ಸವರಿಕೊಂಡು ಮೇಲಕ್ಕೇರುವುದನ್ನೂ ಧರ್ಮ ಕಣ್ಣು ಮಿಟುಕಿಸದೆ ನೋಡಿದ. ಇಷ್ಟು ದಿನ ಕಾರಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಆ ಬೆರಳಿನ ಮೇಲೆ ಹೋಗಿ ಕೂತಿತು.

"ಕಲಿಯಕ್ಕೆ ನಂಗೆ ಎರಡು ತಿಂಗ್ಳು ಹಿಡೀತು. ಹೇಳಿಕೊಡ್ಲಾ?" ಎಂದ ರಾಜಶೇಖರ.

"ನಂಗ್ಯಾಕೆ ಬೇಕು" ಎಂದು ಧರ್ಮ ಬಸ್ಸು ಹತ್ತಿದ.

ಮರುದಿನ ಶಾಂತಮಲ್ಲಪ್ಪನವರು ಅಂಗಡಿಯ ಬಾಗಿಲು ತೆಗೆದಾಗ, ಮೆಟ್ಟಿಲ ಮೇಲೆ ಧರ್ಮನೇ ಕೂತಿದ್ದ.